ಠಾಣೆಯ ಮುಂದೆ ಕೂಗುತ್ತಿದ್ದ ಶರಣಪ್ಪಣ್ಣ

ಶರಣಪ್ಪಣ್ಣನ ಗಂಟಲು ಎಂದರೆ ಗಂಟಲು! ಮಸ್ಕಿ ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಕರೆದರೆ ಆ ತುದಿಯಲ್ಲಿ ಹೊರಟ ಲಿಂಗಸುಗೂರು ಬಸ್ಸು ನಿಲ್ಲುತ್ತಿತ್ತು. ಗುಬ್ಬಿಯಂಥ ಆ ಮೈಯಲ್ಲಿ ಅಷ್ಟು ದನಿ ಎಲ್ಲಿತ್ತೋ!

ತುರ್ತು ಪರಿಸ್ಥಿತಿಯಲ್ಲಿ ಗೋಡೆಗಳ ಮೇಲೆ ಸರ್ಕಾರದ ವಿರುದ್ಧ ಬರೆದು ಜೈಲು ಕಂಡವರು ಅವರು. ಹಿಡಿದೊಯ್ದಾಗ ಎಲ್ಲಿಟ್ಟಿದ್ದಾರೆಂದು ಅವರ ಅವ್ವನಿಗೂ ಯಾರೂ ಹೇಳಲಿಲ್ಲ. ಆಕೆ ಠಾಣೆಯಿಂದ ಠಾಣೆಗೆ ಅಲೆದು, ಕೊನೆಗೊಂದರ ಹಿತ್ತಲಲ್ಲಿ ನಿಂತು ಮಗನ ಹೆಸರು ಕೂಗಿದಳಂತೆ. "ಒಳಗಿದ್ದವಗ ತನ್ನ ಹೆಸರು ಕೇಳಿದ್ರ ಅರ್ಧ ಬಿಡುಗಡೆ ಆದಂಗ ನೋಡಪಾ," ಎನ್ನುತ್ತಿದ್ದರು ಶರಣಪ್ಪಣ್ಣ. ಬಿಡುಗಡೆಯಾದ ಮೇಲೆ ಮಾನವ ಹಕ್ಕುಗಳ ಕೆಲಸಕ್ಕೆ ಇಳಿದರು. ಕಾನೂನು ಓದಿಕೊಂಡರು, ಅರ್ಜಿ ಬರೆದರು. ಆದರೆ ಎಲ್ಲಕ್ಕೂ ಮೊದಲು ಕೂಗುತ್ತಿದ್ದರು.

ಒಮ್ಮೆ ಸಿಂಧನೂರಿನ ಹಮಾಲರ ಮುಂದಾಳು ದೇವಪ್ಪನನ್ನು ಪೊಲೀಸರು ಎತ್ತಿಕೊಂಡು ಹೋದರು. ಕೂಲಿ ಹೆಚ್ಚಿಸಿ ಎಂದು ಕೇಳಿದ್ದೇ ತಪ್ಪು. ಅವನ ಹೆಂಡತಿ ಹನುಮವ್ವ ಪಾಮನಕಲ್ಲೂರಿನಿಂದ ಅಳುತ್ತ ಬಂದಳು. ಶರಣಪ್ಪಣ್ಣ, ಆಕೆ, ಅವರ ಅರ್ಜಿಗಳ ಚೀಲ ಹೊರುತ್ತಿದ್ದ ನಾನು, ಮೂವರೂ ಠಾಣೆಗೆ ಹೋದೆವು. ಊರ ಹೆಸರು ಬೇಡ.

"ಅಂಥವ ಯಾವನೂ ಇಲ್ಲಿಲ್ಲ," ಎಂದರು ಸಾಹೇಬರು.

"ಹೌದೇನ್ರಿ? ಹಂಗಾರ ನಾ ಕರದ್ರ ನಿಮಗೇನ್ ತಕರಾರಿಲ್ಲಲ್ರಿ?"

ಅಂಗಳಕ್ಕಿಳಿದು, ಕಿವಿಗೆ ಕೈ ಕೊಟ್ಟು, "ದೇವಪ್ಪಾ!" ಎಂದರು. ರಸ್ತೆಯ ಆಟೋಗಳು ನಿಂತವು, ಜನ ಸೇರಿದರು. ಮತ್ತೆ ಕೂಗಿದರು. ಆಗ ಹಿಂದಿನ ಕೋಣೆಯಿಂದ ಬಂತು ನೋಡಿ: "ಓ ಯಣ್ಣಾ, ಇಲ್ಲೇ ಅದೀನಿ!"

"ಸಾಹೇಬ್ರ, ಇಲ್ಲದವ ಓ ಅಂದಾನ್ರೀ!"

ಜನ ಹೋ ಎಂದರು. ಸಾಹೇಬರ ಮುಖ ನೋಡಬೇಕಿತ್ತು! ಸಂಜೆಯೊಳಗೆ ದೇವಪ್ಪ ಹೊರಗಿದ್ದ.

ಶರಣಪ್ಪಣ್ಣ ತೀರಿಕೊಂಡು ಇನ್ನೂ ವರ್ಷವಾಗಿಲ್ಲ. ಮೊನ್ನೆ ಹಟ್ಟಿಯ ಕೂಲಿಕಾರ ಯಂಕೋಬನನ್ನು ಹಿಡಿದೊಯ್ದರು. ಠಾಣೆಯಲ್ಲಿ ಮತ್ತದೇ ಮಾತು, ಇಲ್ಲಿಲ್ಲ. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನೇ ಧೈರ್ಯ ಮಾಡಿ ಬಾಯಿ ತೆರೆದೆ. ಬಂದದ್ದು ಬರೀ ಕೆಮ್ಮು.

"ಸರೀರಿ ಅತ್ತಾಗ!" ಹನುಮವ್ವ ಸೆರಗು ಸಿಕ್ಕಿಸಿ ಮುಂದೆ ಬಂದಳು. ಅಂದು ಅಳುತ್ತ ಮೂಲೆಯಲ್ಲಿ ನಿಂತಿದ್ದ ಅದೇ ಹೆಣ್ಣು! ಕಿವಿಗೆ ಕೈ ಕೊಟ್ಟು ಕೂಗಿದಳು, "ಯಂಕೋಬಾ!"

ಎಲ್ಲರೂ ಕಿವಿಗೊಟ್ಟೆವು. ಒಳಗಿನಿಂದ ಸಣ್ಣಗೆ, ಆದರೆ ಸ್ಪಷ್ಟವಾಗಿ ಬಂತು: "ಓ!"

ಖುಷಿ ತಡೆಯಲಾಗದೆ, "ಕೇಳಿದ್ರೇನಣ್ಣಾ!" ಎಂದು ಶರಣಪ್ಪಣ್ಣ ಯಾವಾಗಲೂ ನಿಲ್ಲುತ್ತಿದ್ದ ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ.