ಎದುರಾಬದುರಾ ಎರಡು ಗಿರಣಿ

ಮುಡಬಿ ಬಸ್ ನಿಲ್ದಾಣದ ಹಿಂದಿನ ಹಿಟ್ಟಿನ ಗಿರಣಿಯ ಭುವನೇಶ್ವರಿ ಎಂದರೆ ಸುಮ್ಮನೆ ಅಲ್ಲ. ಅಪ್ಪ ತೀರಿಕೊಂಡಾಗ 'ಹೆಣ್ಮಗಳು ಗಿರಣಿ ಏನ್ ನಡಸ್ತಾಳ' ಎಂದು ಮೂಗು ಮುರಿದವರೇ ಈಗ ಡಬ್ಬಿ ಹಿಡಿದು ಅವಳ ಮುಂದೆ ಪಾಳಿ ಹಚ್ಚುತ್ತಾರೆ. ಬೀಸುವ ಕಲ್ಲು ಸವೆದರೆ ಬೇರೆ ಗಿರಣಿಯವರು ಕಸುಬುದಾರನ ದಾರಿ ಕಾಯಬೇಕು. ಇವಳು ತಾನೇ ಉಳಿ-ಸುತ್ತಿಗೆ ಹಿಡಿದು, ಹೊಸದಾಗಿ ಗೆರೆ ಕೊರೆದು ಟಾಕಿ ಹಾಕುತ್ತಾಳೆ. ಅದರ ಹಮ್ಮು ಅವಳಿಗಿತ್ತು, ಇರಬೇಕಾದ್ದೇ ಬಿಡಿ.

ಎರಡು ವರ್ಷದ ಹಿಂದೆ ಹುಮನಾಬಾದದ ಗುರುಶಾಂತ ತಾಯಿಯನ್ನು ಕರೆದುಕೊಂಡು ಬಂದು, ಸರಿಯಾಗಿ ಅವಳ ಬಾಗಿಲ ಎದುರಿಗೇ ಗಿರಣಿ ಹಾಕಿದ. ಸುರುವಾಯಿತು ನೋಡಿ ಜಿದ್ದು! ಅವನು ಏಳಕ್ಕೆ ತೆರೆದರೆ ಇವಳು ಆರೂವರೆಗೆ. ಅವನು ಮನೆಗೇ ಹಿಟ್ಟು ಮುಟ್ಟಿಸುತ್ತೇನೆಂದರೆ ಇವಳು ಬಸವಕಲ್ಯಾಣದಿಂದ ಖಾರ ಕುಟ್ಟುವ ಯಂತ್ರ ತಂದು ಕೂಡಿಸಿದಳು.

ಹೋದ ಪಂಚಮಿಯ ಮುಂದೆ ಅವನ ಕಲ್ಲು ಕೈಕೊಟ್ಟಿತು. ಹಿಟ್ಟೆಲ್ಲ ತರಿತರಿ. ಗಿರಾಕಿಗಳು ಬಾಯಿಗೆ ಬಂದಂತೆ ಬೈದರು. ಗುರುಶಾಂತ ನೆಟ್ಟಗೆ ರಸ್ತೆ ದಾಟಿ ಬಂದ.

"ಸೋತೀನ್ರಿ. ನನ್ನ ಕಲ್ಲಿಗಿ ನೀವೇ ಟಾಕಿ ಹಾಕಬೇಕು."

"ನಿಮ್ಮ ಕಲ್ಲು ಚಲೋ ಆದ್ರ ನನ್ನ ಗಿರಾಕಿ ಓಡಿ ಹೋಗ್ತಾರಲ್ರಿ?"

"ಅವರೆಲ್ಲಿ ಓಡ್ತಾರ್ರಿ? ನಾನೇ ಇಲ್ಲಿಗಿ ಓಡಿ ಬಂದೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಮೂರು ದಿನ ಅವಳು ಕಲ್ಲು ಕೊರೆದಳು, ಅವನು ಎದುರು ಕೂತು ನೋಡಿದ. ಮೂರನೆಯ ದಿನ ಅವನು ಕಲ್ಲನ್ನಂತೂ ನೋಡುತ್ತಿರಲಿಲ್ಲ. ಅವಳಿಗೂ ಅವನ ಮೇಲೆ ಜೀವವಾಯಿತು.

ಮದುವೆಯ ಮಾತುಕತೆಗೆ ಹಿರಿಯರು ಕೂತರು. ಗುರುಶಾಂತನ ತಾಯಿ ತುಳಜಾಬಾಯಿ ಖಡಕ್ಕಾಗಿ ಹೇಳಿದಳು: "ಒಂದ್ ಮನಿಗಿ ಎರಡು ಗಿರಣಿ ಯಾಕ ಬೇಕು? ಅಕೀದು ಮುಚ್ಚಲಿ."

ತುಳಜಾಬಾಯಿಯ ಬಾಯಿ ಮುಚ್ಚಿಸುವ ಒಂದು ಮಾತು ಭುವನೇಶ್ವರಿಯಲ್ಲಿತ್ತು. ಮಗನ ಹಿಟ್ಟಿನಲ್ಲಿ ರೊಟ್ಟಿ ಹರಿಯುತ್ತದೆಂದು ಈ ತಾಯಿಯೇ ಮೊದಲಿನಿಂದಲೂ ನೆರೆಮನೆಯ ಕರೀಮಾಳ ಕೈಯಲ್ಲಿ 'ಯಾರಿಗೂ ಹೇಳಬ್ಯಾಡ' ಎಂಬ ಮಾತಿನ ಜೊತೆ ಜೋಳ ಕಳಿಸಿ, ಕದ್ದುಮುಚ್ಚಿ ಭುವನೇಶ್ವರಿಯ ಗಿರಣಿಯಲ್ಲೇ ಬೀಸಿಸುತ್ತಿದ್ದಳು! ಆದರೆ ಗಿರಾಕಿಯ ಗುಟ್ಟು ಗಿರಣಿಯ ಹೊಸ್ತಿಲು ದಾಟಬಾರದು. ಜಿದ್ದು ಜೋರಾಗಿದ್ದ ದಿನಗಳಲ್ಲೂ ಅವಳು ಅದನ್ನು ಯಾರ ಮುಂದೆಯೂ ಆಡಿರಲಿಲ್ಲ.

"ಇವರ ಮ್ಯಾಲ ನನಗ ಜೀವ ಅದ್ರಿ," ಎಂದಳು. "ಆದ್ರ ಅಪ್ಪನ ಗಿರಣಿ ಮುಚ್ಚಿ ಬರಂಗಿಲ್ಲ. ಸಂಬಂಧ ಮುರಿದ್ರ ಮುರೀಲಿ." ಕಣ್ಣು ತುಂಬಿದ್ದವು, ತಲೆ ತಗ್ಗಿರಲಿಲ್ಲ. ಎದ್ದು ನಿಂತಳು.

ಗುರುಶಾಂತ ಬಾಯಿ ತೆರೆಯುವಷ್ಟರಲ್ಲಿ ತಾಯಿ ಕೈ ಅಡ್ಡ ಹಿಡಿದಳು.

"ಕೂಡವ್ವಾ," ಎಂದಳು ತುಳಜಾಬಾಯಿ. ದನಿ ಇಳಿದಿತ್ತು. ಆಮೇಲೆ ಎಲ್ಲರ ಕಡೆ ತಿರುಗಿದಳು. "ಕೇಳ್ರಿ. ಎರಡು ವರ್ಷದಿಂದ ನಮ್ಮನಿ ಜ್ವಾಳ ಇಕಿ ಕಡೇನೇ ಬೀಸಿಸಾಕತ್ತೀನಿ. ಇವತ್ತ ಹೇಳಿ ನನ್ನ ಮಾನ ಕಳೀಬಹುದಿತ್ತು. ಹೇಳಲಿಲ್ಲ ಹುಡುಗಿ."

ಮತ್ತೆ ಮಗನನ್ನು ದುರುಗುಟ್ಟಿ ನೋಡಿದಳು.

"ಮುಚ್ಚೋದಿದ್ರ ನಿಂದು ಮುಚ್ಚಲೇ, ಗುರ್ಯಾ!"