ಸೈರಾಗುಲ್ ಮತ್ತು ನಲವತ್ತೊಂದನೆಯ ಕಂತು

ಸೈರಾಗುಲ್‌ಗೆ ಕರುಳಿರಲಿಲ್ಲ, ನಿಯಮಗಳಿದ್ದವು. ಕಿರ್ಗಿಜ್ ನಾಡಿನ ನರೀನ್ ಊರಿನಲ್ಲಿ ಇದನ್ನು ಅಲ್ಲಗಳೆಯುವವರಿರಲಿಲ್ಲ, ಅವಳ ತಂಗಿಯ ಮಗಳು ಐಜಾರ್ಕಿನ್ ಕೂಡ.

ಮೇಷ್ಟ್ರಿಕೆಯಿಂದ ನಿವೃತ್ತಳಾದ ಮೇಲೆ ಸೈರಾಗುಲ್ ಲಾರಿ ಚಾಲಕರ ಕಥೆಯ ಟರ್ಕಿ ಧಾರಾವಾಹಿಯೊಂದಕ್ಕೆ, ತೆರೆಯಡಿ ಮೂಡುವ ಮಾತುಗಳಿಗೆ, ಕಿರ್ಗಿಜ್ ಅಕ್ಷರ ಕೂಡಿಸಿ, ಪ್ರತಿ ವಾರ ಟೆಲಿಗ್ರಾಂ ಚಾನೆಲಿನಲ್ಲಿ ಹಾಕುತ್ತಿದ್ದಳು. ನೋಡುವವರು ಹನ್ನೆರಡು ಸಾವಿರ. ಮಾಸ್ಕೋದಲ್ಲಿ ನೆಲ ಒರೆಸುವವರು, ಹೆದ್ದಾರಿಯ ಕ್ಯಾಂಟೀನುಗಳಲ್ಲಿ ಪಾತ್ರೆ ತೊಳೆಯುವವರು, ಮೇಲಿನ ಹುಲ್ಲುಗಾವಲಿನಲ್ಲಿ ಸಿಗ್ನಲ್ಲಿಗಾಗಿ ದಿಬ್ಬ ಹತ್ತುವ ಕುರಿಗಾಹಿಗಳ ಹೆಂಡಿರು. ಅಲ್ಲಿ ಧಾರಾವಾಹಿಯ ಹೊರತು ಬೇರೆ ಮಾತಿಲ್ಲ, ಮುಂದಿನ ಕಥೆ ಬಿಟ್ಟುಕೊಡುವಂತೆಯೂ ಇಲ್ಲ. ಮಗಳ ಮದುವೆಯ ಫೋಟೋ ಹಾಕಿದವಳನ್ನು ಅಂದೇ ಹೊರದಬ್ಬಿದ್ದಳು.

ಆ ವಾರ ಟರ್ಕಿಯ ಅಭಿಮಾನಿಗಳ ವಿಡಿಯೋಗಳಿಂದ ಸುದ್ದಿ ಸೋರಿತು: ನಲವತ್ತೊಂದನೆಯ ಕಂತಿನಲ್ಲಿ ಚಾಲಕ ಸೆಲಿಮ್ ಸಾಯುತ್ತಾನೆ. ಓಣಿಯ ಹೆಂಗಸರಿಗೆ, ತಮಗೆಲ್ಲ ಆಪಾ, ಅಂದರೆ ಅಮ್ಮ, ಆಗಿದ್ದ ತುರ್ದುಕಾನ್‌ಳದೇ ಚಿಂತೆ. ಆಕೆಯ ಮಗ ಬೆಕ್ತೆನ್ ರಷ್ಯಾದಲ್ಲಿ ಲಾರಿ ಓಡಿಸುತ್ತಾನೆ. ಒಂಬತ್ತು ದಿನದಿಂದ ಅವನ ಫೋನಿಲ್ಲ. ಮುದುಕಿ ಸೆಲಿಮನಲ್ಲೇ ಮಗನ ಶಕುನ ನೋಡುತ್ತಿದ್ದಳು.

"ಏಜೆ, ಸೆಲಿಮನ್ನ ಬದುಕಿಸಿಬಿಡಿ. ಅಕ್ಷರ ಬರೆಯೋರು ನೀವೇ ತಾನೆ?" ಎಂದು ನೆರೆಮನೆಯ ಕಲ್ಬುಬು ಸೈರಾಗುಲ್ ಅಕ್ಕನನ್ನು ಕೇಳಿದಳು.

"ನಾನು ಭಾಷಾಂತರ ಮಾಡೋಳು, ದೇವರಲ್ಲ."

"ಹಾಗಾದ್ರೆ ಆಪಾ ಒಬ್ರೇ ನೋಡೋದು ಬೇಡ. ಎಲ್ಲಾ ಅವರ ಮನೇಲೇ ಕೂತು ನೋಡೋಣ. ಅಲ್ಲೀವರೆಗೆ ಯಾರೂ ಚಾನೆಲ್ ತೆಗೀಬಾರ್ದು."

ಮರುದಿನ ಮಧ್ಯಾಹ್ನ ಏಳು ಜನ ಹೊರಟರು. ಐಜಾರ್ಕಿನ್ ಕೈಯಲ್ಲಿ, ಬೆಳಗಿನಿಂದ ಹಿಟ್ಟು ನಾದಿ ಕರಿದ ಬೋರ್ಸೋಕ್, ಮೇಲೊಂದು ಬಟ್ಟೆ. ಆಪಾಳಿಗೆ ಹೇಗೆ ಹೇಳುವುದೆಂಬ ಯೋಚನೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

ನಮ್ಮ ಕಿರ್ಗಿಜರಲ್ಲಿ ಸಾವಿನ ಸುದ್ದಿಯನ್ನು ಒಬ್ಬರೇ ಹೋಗಿ ಹೇಳುವುದಿಲ್ಲ. ಹಿರಿಯರು ಗುಂಪಾಗಿ, ಮೌನವಾಗಿ ಬಾಗಿಲಿಗೆ ಬರುತ್ತಾರೆ. ಧಾರಾವಾಹಿಯ ಗುಂಗಿನಲ್ಲಿ ಏಳರಲ್ಲಿ ಒಬ್ಬಳಿಗೂ ಅದು ಹೊಳೆಯಲಿಲ್ಲ.

ಕಿಟಕಿಯಿಂದ ಕಂಡ ತುರ್ದುಕಾನ್‌ಗೆ ಹೊಳೆಯಿತು.

"ಅಯ್ಯೋ ನನ್ನ ಕಂದಾ, ಬೆಕ್ತೆನ್!" ಎಂದು ತಲೆವಸ್ತ್ರ ಕಿತ್ತೆಸೆದು ಹಾಡಿಕೊಂಡು ಅಳತೊಡಗಿದಳು. ಅಂಗಳದಲ್ಲಿದ್ದ ಏಳು ಜನ, ಬೆಕ್ತೆನ್ ಸತ್ತ ಸುದ್ದಿ ಈಕೆಗೇ ಬಂದಿದೆಯೆಂದು ತಿಳಿದು ತಾವೂ ದನಿಗೂಡಿಸಿದರು. ಬೋರ್ಸೋಕ್ ನೆಲದ ಮೇಲೆ ಉರುಳಿತು.

"ಬಾಯಿ ಮುಚ್ರೇ!" ಸೈರಾಗುಲ್ ತರಗತಿಯ ದನಿಯಲ್ಲಿ ಗದರಿದಳು. "ಆಪಾ, ನಿಮಗೆ ಯಾರು ಹೇಳಿದ್ರು?"

"ಹೇಳೋಕೆ ಬಂದೋರು ನೀವಲ್ವೇನೇ?"

"ಸತ್ತೋನು ಸೆಲಿಮ್! ಟೀವೀಲಿ! ನಿಮ್ಮ ಮಗನ ವಿಷಯ ನಾವ್ಯಾರೂ ತಂದಿಲ್ಲ."

ಮುದುಕಿ ಕಣ್ಣೊರೆಸಿಕೊಂಡಳು. "ಸೆಲಿಮಾ? ಪಾಪ... ಅಲ್ವೇ ಸೈರಾ, ಬರೋ ಕಥೆ ನೀನೇ ಹೇಳಿಬಿಟ್ಟೆಯಲ್ಲೇ!"

"ಇವರನ್ನ ಚಾನೆಲಿಂದ ಹೊರಗೆ ಹಾಕೋರು ಯಾರು ಈಗ?" ಎಂದಳು ಕಲ್ಬುಬು. ಅಳು ಇನ್ನೂ ಕೆನ್ನೆ ಮೇಲಿದ್ದಂತೆಯೇ ಎಲ್ಲರೂ ನಕ್ಕರು.

ಚಹಾ ಬಗ್ಗಿಸುವಾಗ ಮುದುಕಿಯ ಫೋನ್ ಸದ್ದಾಯಿತು. ಗುರುತಿಲ್ಲದ ರಷ್ಯಾ ನಂಬರು.

"ಆಪಾ, ನಾನು ಬೆಕ್ತೆನ್! ಓರೆನ್‌ಬರ್ಗ್ ಹತ್ರ ಲಾರಿ ಕೆಟ್ಟು ನಿಂತಿದೆ. ಫೋನು ಹೊಳೆಗೆ ಬಿತ್ತು, ನಿನ್ನ ನಂಬರು ಬಾಯಿಪಾಠ ಇರ್ಲಿಲ್ಲ. ಈಗ ಯಾವಳೋ ಕ್ಯಾಂಟೀನಿನ ಅಕ್ಕ ಕಾಲರ್ ಹಿಡಿದು, 'ತುರ್ದುಕಾನ್ ಮಗ ನೀನೇ ತಾನೆ? ಅಮ್ಮನಿಗೆ ಫೋನ್ ಮಾಡೋ ಕತ್ತೆ' ಅಂತ ನಂಬರ್ ಒತ್ತಿಕೊಟ್ಲು. ಅವಳಿಗೆ ಹೇಗೆ ಗೊತ್ತಾಯ್ತೋ!"

"ಕತ್ತೇನೇ ನೀನು! ಉಂಡ್ಯಾ?" ಎಂದಳು ತಾಯಿ. ಹೆಂಗಸರು ಅವಳ ಬೆನ್ನು ಸವರಿದರು. ನೆಲದ ಬೋರ್ಸೋಕನ್ನೇ ಆಯ್ದು ಊದಿ ತಿಂದರು.

ಐಜಾರ್ಕಿನ್ ಟೀವಿಗೆ ಜೋಡಿಸಲೆಂದು ಸೈರಾಗುಲ್‌ಳ ಫೋನೆತ್ತಿಕೊಂಡು ಚಾನೆಲ್ ತೆರೆದಳು. ನಲವತ್ತೊಂದನೆಯ ಕಂತು ಅಲ್ಲಿರಲಿಲ್ಲ. ಬೆಳಗಿನ ಆರು ಗಂಟೆಗೆ ಹಾಕಿದ್ದು ಒಂದೇ: ಲಾರಿಗೆ ಒರಗಿ ನಿಂತ ಬೆಕ್ತೆನ್‌ನ ಫೋಟೋ, ಲಾರಿಯ ನಂಬರು, ಅವನ ತಾಯಿಯ ಹೆಸರು, ಫೋನ್ ನಂಬರು. ಕೆಳಗೆ, "ಇವನನ್ನು ಕಂಡವರು ಮನೆಗೆ ಫೋನ್ ಮಾಡಿಸಿ. ಅಲ್ಲಿಯವರೆಗೆ ಕಂತು ಹಾಕುವುದಿಲ್ಲ."

ಅವಳು ತಲೆಯೆತ್ತಿದಳು. ಸೈರಾಗುಲ್ ಕೈ ಚಾಚಿ ಫೋನ್ ತೆಗೆದುಕೊಂಡು, ಅಲ್ಲಿದ್ದ ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಆ ಫೋಟೋ, ಬರಹ ಎರಡನ್ನೂ ಅಳಿಸಿದಳು.