ಬೀಮಿನೊಳಗೆ ಸುತ್ತಿದ ನಕಾಶೆ

ಗಂಜಿ ಹಾಕಿದ ನೂಲಿನ ವಾಸನೆ ನಿಮಗೆ ಗೊತ್ತೇ? ಹುಳಿ ಹತ್ತಿದ ಅಂಬಲಿಯಂಥ, ತುಸು ಬೆಚ್ಚಗಿನ ವಾಸನೆ. ಮೊನ್ನೆ ಕೊಲ್ಹಾಪುರದ ನನ್ನ ಮನೆಯಲ್ಲಿ ಅತ್ತಿಯ ಟ್ರಂಕು ತೆರೆದಾಗ ಒಂದು ಹಳದಿಗಟ್ಟಿದ ಪತ್ರಿಕೆಯ ಹಾಳೆಯಿಂದ ಅದು ಎದ್ದು ಬಂತು. ಬಂದದ್ದೇ ತಡ, ಇಚಲಕರಂಜಿಯ ನಮ್ಮ ಬಾಡಿಗೆ ಮನೆ, ಹಿಂದಿನ ತಗಡಿನ ಶೆಡ್ಡು, ಅದರೊಳಗೆ ಖಡಖಡ ಎನ್ನುವ ಎರಡು ಮಗ್ಗ, ಆ ಸದ್ದಿನ ಮೇಲೆ ದನಿ ಏರಿಸಿ ಮಾತಾಡುವ ಅಪ್ಪ, ಎಲ್ಲ ಕಣ್ಣ ಮುಂದೆ ನಿಂತವು. ಈಗ ಆ ಶೆಡ್ಡೂ ಇಲ್ಲ, ಅಪ್ಪನೂ ಇಲ್ಲ.

ಅತ್ತಿ ಎಂದರೆ ಅಪ್ಪನ ತಂಗಿ. ಗಡಹಿಂಗ್ಲಜದ ಕಡೆ ಕೊಟ್ಟಿದ್ದರು. ಮಾವ ಫೌಜಿನಲ್ಲಿದ್ದ. ಅರವತ್ತೈದರ ಯುದ್ಧದಲ್ಲಿ ಕಾಶ್ಮೀರದ ಬೆಟ್ಟಗಳ ನಡುವಿನ ಒಂದು ಕಣಿವೆದಾರಿ ಹಿಡಿಯುವಾಗ ತೀರಿಹೋದ. ಆಮೇಲೆ ಅತ್ತಿ ನಮ್ಮ ಮನೆಗೆ ಬಂದಳು. ಅಳುವುದಕ್ಕಿಂತ ಹೆಚ್ಚು ಕೇಳುತ್ತಿದ್ದಳು. ಆ ಕಣಿವೆ ಎಷ್ಟು ಎತ್ತರ, ಅಲ್ಲಿ ಜೋಳ ಬೆಳೆಯುತ್ತದೋ ಇಲ್ಲವೋ, ಈಗ ಅಲ್ಲಿ ಯಾರಿದ್ದಾರೆ. ಆಕೆಗೆ ಓದು ಬರುತ್ತಿರಲಿಲ್ಲ. ದಿನಾ ಸಂಜೆ ಮರಾಠಿ ಪತ್ರಿಕೆಯನ್ನು ಕನ್ನಡದಲ್ಲಿ ಹೇಳುವ ಕೆಲಸ ಹನ್ನೊಂದು ವರ್ಷದ ನನ್ನದು. "ಆ ಜಾಗಾ ನಮ್ಮ ಕಡೆನ ಐತಲ್ಲ? ಹಂಗಾರ ಸಾಕ ಬಿಡವಾ," ಎಂದು ದಿನಾ ಕೇಳಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಮರುವರ್ಷ ಜನವರಿಯಲ್ಲಿ, ಪಾಕಿಸ್ತಾನದ ಜೊತೆ ತಾಷ್ಕೆಂಟಿನಲ್ಲಿ ಆದ ಒಪ್ಪಂದದ ಸುದ್ದಿ ಬಂತು. ಎರಡೂ ಕಡೆಯ ಸೈನ್ಯ ಹಿಂದೆ ಸರಿಯಬೇಕಂತೆ. ಪಕ್ಕದಲ್ಲೇ ನಕಾಶೆ, ಅದರಲ್ಲಿ ನಾವು ಬಿಟ್ಟುಕೊಡಬೇಕಾದ ಆ ಕಣಿವೆ. "ಇವತ್ತ ಪೇಪರ ಬಂದಿಲ್ಲತ್ತಿ," ಎಂದು ಸುಳ್ಳು ಹೇಳಿ ಹಾಳೆಯನ್ನು ರದ್ದಿಯೊಳಗೆ ತುರುಕಿದೆ. ಅಪ್ಪ, ಅವ್ವ ಕೂಡ ಆಕೆಯ ಮುಂದೆ ಆ ಮಾತು ಎತ್ತಲಿಲ್ಲ. ಬೀಮಿಗೆ, ಅಂದರೆ ಮಗ್ಗದ ಹಿಂದಿನ ದೊಡ್ಡ ಉರುಳೆಗೆ, ನೂಲು ಸುತ್ತುವಾಗ ಎಳೆಗಳು ಒಂದರೊಳಗೊಂದು ಹೂತುಕೊಳ್ಳದಂತೆ ಅಪ್ಪ ನಡುನಡುವೆ ರದ್ದಿ ಕಾಗದ ಇಡುತ್ತಿದ್ದ. ನನ್ನ ಹಾಳೆಯೂ ಹಾಗೇ ಸುತ್ತಿಕೊಂಡು ಒಳಗೆ ಹೋಯಿತು. ಪೀಡೆ ತೊಲಗಿತು ಅಂದುಕೊಂಡೆ. ಎಂಥ ಪೆದ್ದಿ ನಾನು! ನೇಯ್ದ ಹಾಗೆಲ್ಲ ಬೀಮು ಬಿಚ್ಚಿಕೊಳ್ಳುತ್ತದೆ, ಇಟ್ಟ ಕಾಗದ ಒಂದೊಂದೇ ಹೊರಬೀಳುತ್ತದೆ, ಅವನ್ನು ಆರಿಸಿಡುವವಳು ಅತ್ತಿಯೇ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೂರು ವಾರದ ಮೇಲೆ, ಮಟಮಟ ಮಧ್ಯಾಹ್ನ, ಗಂಜಿ ಮೆತ್ತಿದ ಆ ಹಾಳೆ ಹಿಡಿದು ಬಂದಳು. ಅಕ್ಷರ ಬಾರದಿದ್ದರೇನು, ಪತ್ರಿಕೆಯ ಚಿತ್ರಗಳೆಲ್ಲ ಆಕೆಗೆ ನೆನಪಿನಲ್ಲಿ ಇರುತ್ತಿದ್ದವು. "ಈ ನಕಾಶಿ ನೀ ನನಗ ತೋರಿಸೇ ಇಲ್ಲ. ಓದು." ಅಳುತ್ತಲೇ ಓದಿದೆ. ಅಪ್ಪ ಮಗ್ಗ ನಿಲ್ಲಿಸಿ, "ಗೆದ್ದದ್ದನ್ನೆಲ್ಲಾ ಕೊಟ್ಟ ಬಂದಾರವಾ," ಎಂದು ಹಲ್ಲು ಕಡಿದ. ಅತ್ತಿ ಮಾತ್ರ ನನ್ನ ಕಡೆಗೇ ನೋಡುತ್ತಿದ್ದಳು. "ಅವರೇನ ಬಿಟ್ರು? ಅದನ್ನೂ ಓದು." ಅವರು ಹಿಡಿದಿದ್ದ ನಮ್ಮ ಊರುಗಳನ್ನು ಅವರೂ ಬಿಡುವುದಿತ್ತು. "ಹಂಗಾರ ಆ ಊರಿನ ಮಂದಿ ತಮ್ಮ ಮನಿಗಿ ಹೋಗ್ತಾರ," ಎಂದಳು. ಎದ್ದು ಮಗ್ಗದ ಹಿಂದೆ ಹೋಗಿ ಗೋಳೋ ಎಂದು ಅತ್ತಳು. ಆಕೆ ಅಷ್ಟು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಹಾಳೆಯ ದೆಸೆಯಿಂದಲೇ ನಾನು ಮುಂದೆ ಇತಿಹಾಸ ಓದಿದೆ, ಕಲಿಸಿದೆ. ಮೊದಮೊದಲು ನನಗೆ ಸಿಕ್ಕ ಪುಸ್ತಕಗಳು ಆ ಒಪ್ಪಂದವನ್ನು ಅಪ್ಪನ ಹಾಗೇ ಬೈದವು. ವರ್ಷಗಳು ಕಳೆದ ಮೇಲೆ, ದೊಡ್ಡ ದೇಶಗಳ ಒತ್ತಡವಿತ್ತು, ಬೇರೆ ದಾರಿ ಇರಲಿಲ್ಲ ಎನ್ನುವವರು ಬಂದರು. ಅವರನ್ನು ಅಲ್ಲಗಳೆಯುವವರೂ ಬಂದರು. ಮುಪ್ಪಿನಲ್ಲಿ ಅತ್ತಿ ಗಡಹಿಂಗ್ಲಜಕ್ಕೆ ಮರಳಿದ್ದಳು. ರಜೆಯಲ್ಲಿ ಹೋದರೆ ಚಹಾಕ್ಕಿಂತ ಮೊದಲು ಆಕೆಯ ಪ್ರಶ್ನೆ, "ಈಗೇನಂತಾರವಾ?" ಹೇಳಿದ್ದನ್ನೆಲ್ಲ ಕೇಳಿ, "ಇರಲಿ, ಇನ್ನೂ ಏನೇನ ಹೊರಗ ಬೀಳತೈತೋ ನೋಡೂನು," ಎನ್ನುತ್ತಿದ್ದಳು.

ಮೊನ್ನೆ ಅದೇ ಒಪ್ಪಂದದ ಮೇಲೆ ಇನ್ನೊಂದು ಪುಸ್ತಕ ಕೈಗೆ ಬಂತು. ಓದಿ ಮುಗಿಸಿ, ಗಡಹಿಂಗ್ಲಜದ ಬಸ್ಸು ಎಷ್ಟಕ್ಕೆ ಎಂದು ಗಡಿಯಾರ ನೋಡಿದೆ. ಆಮೇಲೆ ನೆನಪಾಯಿತು, ಅಲ್ಲಿ ಕೇಳಲು ಈಗ ಅತ್ತಿ ಇಲ್ಲ. ಆಕೆ ಹೋದ ಮೇಲೆ ನಾನು ತಂದಿಟ್ಟುಕೊಂಡಿದ್ದ ಟ್ರಂಕು ತೆರೆದದ್ದು ಆಗ. ಹಾಳೆಯನ್ನು ಮೊಣಕಾಲ ಮೇಲೆ ಹರವಿಕೊಂಡು, ಮೊದಲಿನಿಂದ ಕಡೆಯವರೆಗೆ, ಒಂದು ಸಾಲೂ ಬಿಡದೆ, ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ.